ಕೊಡ, ನಿಂಬೆ, ಕತ್ತರಿ

ನೌಬಾದ, ಬೀದರ
12 ಜನವರಿ 2025

ಪ್ರೀತಿಯ ಫರ್ಹೀನ,

ಫೋನ್ ಮಾಡುವುದು ಬಿಟ್ಟು ಇವಳು ಕಾಗದ ಯಾಕೆ ಬರೆದಳು ಎಂದು ಲಕೋಟೆಯನ್ನು ತಿರುವಿ ಮುರುವಿ ನೋಡಿರುತ್ತೀಯ. ಹೆದರಬೇಡ, ಯಾರೂ ಸತ್ತಿಲ್ಲ. ಇದು ನಮ್ಮ ಗೈಡ್ ಮೇಡಂ ಹಾಕಿದ ನಿಯಮ. ಬಿ.ಎ. ಕೊನೆಯ ವರ್ಷದಲ್ಲಿ ಮನಶ್ಶಾಸ್ತ್ರ ಓದುವವರು ಪ್ರಾಜೆಕ್ಟ್ ಮಾಡಲೇಬೇಕು, ಅದಿಲ್ಲದೆ ಡಿಗ್ರಿ ಇಲ್ಲ. ಪರೀಕ್ಷೆಗೆ ಕೂರುವವರ ಮನೆಗೆ ಕಾಗದ ಬರೆದು ಕೇಳಬೇಕು, ಅವರು ಕಾಗದದಲ್ಲೇ ಒಪ್ಪಿಗೆ ಕೊಡಬೇಕು, ಎರಡನ್ನೂ ವರದಿಯ ಹಿಂದೆ ಲಗತ್ತಿಸಬೇಕು. ವಾಟ್ಸಾಪ್ ತೋರಿಸಿದರೆ ಮೇಡಂ ಕನ್ನಡಕದ ಮೇಲಿಂದ ನೋಡುತ್ತಾರೆ.

ನನ್ನ ವಿಷಯ ವಯಸ್ಸಾದವರ ನೆನಪಿನ ಶಕ್ತಿ. ನಾನು ಹನ್ನೆರಡು ಪದ ಓದುತ್ತೇನೆ, ಅವರು ನೆನಪಿಟ್ಟು ತಿರುಗಿ ಹೇಳಬೇಕು. ಇಂಜೆಕ್ಷನ್ ಇಲ್ಲ, ಗುಳಿಗೆ ಇಲ್ಲ. ನಿನ್ನ ನಾನಿ ಖತೀಜಾ ಬೇಗಂ ಒಪ್ಪುತ್ತಾರಾ ಕೇಳು. ಭಾಲ್ಕಿಯ ಅರ್ಧ ಊರಿನ ಮದುವೆಗಳಲ್ಲಿ ಢೋಲಕ್ ಹಿಡಿದು ಹಾಡಿದವರು, ಬೀಗರ ಕಡೆಯ ಹೆಂಗಸರ ಹೆಸರನ್ನೆಲ್ಲ ಒಂದೂ ಬಿಡದೆ ಹಾಡಿನಲ್ಲಿ ಪೋಣಿಸಿ ಬೈದವರು. ಅವರ ನೆನಪು ಅಳೆಯಲು ಹೊರಟಿದ್ದೇನೆ, ನನ್ನ ಧೈರ್ಯ ನೋಡು.

ಒಂದೇ ಷರತ್ತು. ಪರೀಕ್ಷೆ ನಡೆಯುವಾಗ ಮನೆಯವರು ಯಾರೂ ಆ ಕೋಣೆಯಲ್ಲಿ ಇರಕೂಡದು. ನೀನು ಬಾಗಿಲ ಸಂದಿಯಲ್ಲಿ ಕಿವಿ ಇಡುವವಳು, ಅದಕ್ಕೇ ಮೊದಲೇ ಹೇಳಿದ್ದೇನೆ.

ಪಿ.ಯು. ಮುಗಿಸಿ ನೀನು ಕಾಲೇಜು ಬಿಟ್ಟ ಮೇಲೆ ನನ್ನ ಡಬ್ಬಿಯ ಚಟ್ನಿ ಕದಿಯುವವರೇ ಇಲ್ಲ.

ನಿನ್ನ,
ಮನಿಷಾ


ಭಾಲ್ಕಿ
19 ಜನವರಿ 2025

ಮನಸ್ಸಿನ ಡಾಕ್ಟರು ಮನಿಷಾಬಾಯಿಯವರಿಗೆ,

ಒಪ್ಪಿಗೆ ಪತ್ರ ಇದರ ಜೊತೆಗಿದೆ. ನಾನಿಯ ಹೆಬ್ಬೆಟ್ಟು ಅಲ್ಲ, ಸಹಿ. ಉರ್ದುವಿನಲ್ಲಿ ಮಾಡಿದ್ದಾಳೆ, ನಿನ್ನ ಮೇಡಂಗೆ ಹೇಳು. ನಿನ್ನ ಕಾಗದ ಓದಿ ಹೇಳಿದಾಗ ನಕ್ಕಳು. "ಬರ್ಲಿ ಬರ್ಲಿ. ಯಾರ ಲಗ್ನದಾಗ ಯಾರು ಮುನಿಸ್ಕೊಂಡು ಹೋಗ್ಯಾರ, ಎಲ್ಲಾ ಈ ತಲ್ಯಾಗದ. ಹನ್ನೆರಡು ಮಾತು ಯಾವ ದೊಡ್ಡದು?" ಅಂದಳು.

ಈಗ ನನ್ನ ಸುದ್ದಿ. ಮದುವೆ ಗೊತ್ತಾಗಿದೆ. ಹುಡುಗನ ಹೆಸರು ಉಮೇರ, ಕಮಲನಗರದವನು, ಬಜಾರಿನಲ್ಲಿ ಕಾಳುಕಡಿಯ ಅಡತಿ ಅಂಗಡಿ. ಮಾತು ಕಡಿಮೆ. ಒಳ್ಳೆಯದೇ, ನಾನು ಇದ್ದೇನಲ್ಲ. ರಂಜಾನ್ ಹಬ್ಬ ಆದ ಮೇಲೆ ಏಪ್ರಿಲ್‌ನಲ್ಲಿ. ಅರಿಶಿನ ಹಚ್ಚುವ ಮಾಂಝಾದ ದಿನ ನೀನು ಬರದಿದ್ದರೆ ನಾನು ಚೌಕಿಯ ಮೇಲೆ ಕೂರುವುದಿಲ್ಲ.

ನಾನಿ ಈಗಲೇ ತಯಾರಿ ಶುರು ಮಾಡಿದ್ದಾಳೆ. ನನ್ನ ಅತ್ತೆಯ ಹೆಸರು ಮೆಹಬೂಬ್ ಬೀ, ನಾದಿನಿ ಸಾಯಿಮಾ. ಅವರ ಅಕ್ಕತಂಗಿಯರು, ಸೋದರತ್ತೆಯರು, ಎಲ್ಲರ ಹೆಸರು ನನ್ನಿಂದ ಕೇಳಿಕೊಂಡು ಹಾಡಿಗೆ ಕೂಡಿಸುತ್ತಿದ್ದಾಳೆ. ಎಲ್ಲ ಮೊಮ್ಮಕ್ಕಳಲ್ಲಿ ನಾನೇ ಕೊನೆಯವಳು. "ನಿನ್ನ ಲಗ್ನದಾಗ ಹಾಡಿ ಢೋಲಕ್ ಇಟ್ಟು ಬಿಡ್ತೇನಿ" ಅನ್ನುತ್ತಾಳೆ. ನನಗೆ ಚಿನ್ನ ಬೇಡ, ಬಟ್ಟೆ ಬೇಡ, ಆ ಹಾಡು ಸಾಕು. ಸಣ್ಣವಳಿದ್ದಾಗಿಂದ ಬೇರೆಯವರ ಮಾಂಝಾಗಳಲ್ಲಿ ಕೇಳಿ ಕೇಳಿ ಹೊಟ್ಟೆ ಉರಿಸಿಕೊಂಡವಳು ನಾನು.

ಬರುವ ತಿಂಗಳ ಮೊದಲನೇ ರವಿವಾರ ಬಾ. ಊಟ ಮಾಡದೆ ಕಳಿಸುವುದಿಲ್ಲ.

ನಿನ್ನ ಚಟ್ನಿ ಕಳ್ಳಿ,
ಫರ್ಹೀನ


ನೌಬಾದ
6 ಫೆಬ್ರುವರಿ 2025

ಪ್ರೀತಿಯ ಫರ್ಹೀನ,

ಸುಖವಾಗಿ ಮುಟ್ಟಿದೆ. ಖಿಚಡಿ, ಖಟ್ಟಾ, ಮೇಲೆ ಡಬಲ್ ಕಾ ಮೀಠಾ. ಬಸ್ಸಿನಲ್ಲಿ ಕೂತವಳಿಗೆ ಬೀದರ ಬಂದದ್ದೇ ಗೊತ್ತಾಗಲಿಲ್ಲ. ಅಮ್ಮಿಗೆ ನನ್ನ ಸಲಾಂ ಹೇಳು.

ಬಸ್ ತಪ್ಪುತ್ತದೆ ಎಂದು ಗಡಬಡಿಸಿ ಎದ್ದುಬಿಟ್ಟೆ. ನಾನಿಯ ಜೊತೆ ಇನ್ನೊಂದಿಷ್ಟು ಕೂರಬೇಕಾಗಿತ್ತು. ಅವರು ಹೇಗಿದ್ದಾರೆ? ಪರೀಕ್ಷೆಯ ಬಗ್ಗೆ ಏನಾದರೂ ಅಂದರಾ? ಅದು ಸುಮ್ಮನೆ ಕಾಲೇಜಿನ ಆಟ ಎಂದು ಅವರಿಗೆ ಹೇಳು. ತಲೆಗೆ ಹಚ್ಚಿಕೊಳ್ಳುವುದು ಬೇಡ.

ವರದಿ ಬರೆಯುವುದು ಶುರುವಾಗಿದೆ. ಫಲಿತಾಂಶ ನಾವು ಅಂದುಕೊಂಡ ಹಾಗೇ ಬಂದಿದೆ, ಮೇಡಂ ಖುಷಿಯಾಗಿದ್ದಾರೆ. ನಾನೂ ಖುಷಿಯಾಗಿದ್ದೇನೆ.

ನಾನಿ ಏನಾದರೂ ಅಂದರೆ ಬರೆ.

ನಿನ್ನ,
ಮನಿಷಾ


ಭಾಲ್ಕಿ
28 ಫೆಬ್ರುವರಿ 2025

ಮನಿಷಾ,

ತಮಾಷೆ ಮಾಡುವ ಮನಸ್ಸಿಲ್ಲ, ನೇರವಾಗಿ ಕೇಳುತ್ತೇನೆ. ಅವತ್ತು ನಾನಿಯ ಪರೀಕ್ಷೆಯಲ್ಲಿ ಏನು ಬಂತು?

ನೀನು ಹೋದ ವಾರವೇ ಓಣಿಯಲ್ಲಿ ಒಂದು ನಿಶ್ಚಿತಾರ್ಥವಿತ್ತು. ಕರೆಯಲು ಬಂದರೆ ನಾನಿ ಹೋಗಲಿಲ್ಲ, ಕಾಲು ನೋವು ಅಂದಳು. ಆಮೇಲೆ ಢೋಲಕ್ಕನ್ನು ಚಾದರದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದಳು. ಹಾಲಿನ ಖಾಜಾ ಮಿಯಾನಿಗೆ ಒಂದೇ ಬೆಳಗ್ಗೆ ಎರಡು ಸಲ "ನಿನ್ನ ಹೆಸರು ಏನಪ್ಪಾ, ಖಾಜಾ ಹೌದಲ್ಲ?" ಎಂದು ಕೇಳಿದಳು. ಅವನ ಹೆಸರು ಮರೆತಿರಲಿಲ್ಲ, ಮರೆತೆನೋ ಎಂಬ ಅಂಜಿಕೆ. ನನ್ನ ಅತ್ತೆಮನೆಯವರ ಹೆಸರು ಕೇಳುವುದನ್ನೂ ಬಿಟ್ಟಿದ್ದಾಳೆ.

ನಿನ್ನೆ ಅಮ್ಮಿ ಗದರಿಸಿದಾಗ ಹೇಳಿದಳು. "ಕಾಲೇಜಿನವರು ತಪಾಸ ಮಾಡ್ಯಾರ. ನನ್ನ ವಯಸ್ಸಿನವರಕಿಂತ ನನ್ನ ಯಾದ ಕಮ್ಮಿ ಅದ ಅಂದಾರ. ಹಾಡಿನಾಗ ಒಂದು ಹೆಸರು ತಪ್ಪಿದ್ರ ಬೀಗರ ಮುಂದ ಈ ಹುಡುಗೀ ಮಾನ ಹೋಗ್ತದ. ನಾ ಹಾಡಂಗಿಲ್ಲ."

ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಏನೂ ಇಲ್ಲ ಅಂದರು. ನಾನಿ ಒಪ್ಪಲಿಲ್ಲ, ಅವರು ಪದ ಓದಿ ನೋಡಿಲ್ಲವಲ್ಲ.

ಮನಿಷಾ, ಇದು ಮರೆವಿನ ಕಾಯಿಲೆಯ ಶುರುವೇನು? ನನ್ನ ಮುಂದೆ ಮುಚ್ಚಿಡಬೇಡ. ನೀನು ಓದಿದವಳು, ನೀನು ಹೇಳಿದ್ದನ್ನು ನಾನು ನಂಬುತ್ತೇನೆ.

ಫರ್ಹೀನ


ನೌಬಾದ
9 ಮಾರ್ಚ್ 2025

ಫರ್ಹೀನ,

ನಿನ್ನ ಫೋನ್ ಬಂದಾಗಲೆಲ್ಲ ನೋಡುತ್ತ ಕೂತಿದ್ದೆ, ಎತ್ತಲಿಲ್ಲ. ನಿನ್ನ ದನಿ ಕೇಳಿದರೆ ಮತ್ತೊಂದು ಸುಳ್ಳು ಬಾಯಿಗೆ ಬರುತ್ತಿತ್ತು.

ನಾನಿಗೆ ಏನೂ ಆಗಿಲ್ಲ. ನಾನು ಅವರಿಗೆ ಹೇಳಿದ್ದು ಸುಳ್ಳು.

ನನ್ನ ಪ್ರಾಜೆಕ್ಟ್ ನೆನಪನ್ನು ಅಳೆಯುವುದಲ್ಲ. ನಿನ್ನ ನೆನಪು ಚೆನ್ನಾಗಿಲ್ಲ ಎಂದು ಸುಳ್ಳು ಹೇಳಿದರೆ ವಯಸ್ಸಾದವರ ನೆನಪು ನಿಜವಾಗಿಯೂ ಕುಗ್ಗುತ್ತದೆಯೇ ಎಂದು ನೋಡುವುದು. ಪದಗಳನ್ನು ಒಮ್ಮೆ ಓದಿ ಕೇಳಬೇಕು. ಅವರು ಎಷ್ಟೇ ಹೇಳಲಿ, ಅರ್ಧ ಜನಕ್ಕೆ ತುಂಬ ಚೆನ್ನಾಗಿದೆ ಎನ್ನಬೇಕು, ಅರ್ಧ ಜನಕ್ಕೆ ವಯಸ್ಸಿಗಿಂತ ಕಡಿಮೆ ಎನ್ನಬೇಕು. ಆಮೇಲೆ ಅದೇ ಪದಗಳನ್ನು ಮತ್ತೆ ಕೇಳಬೇಕು. ಯಾರಿಗೆ ಯಾವ ಮಾತು ಎಂದು ಮೊದಲೇ ಚೀಟಿ ಎತ್ತಿದ್ದೆ. ನಾನಿಗೆ ಬಂದದ್ದು ಕೆಟ್ಟ ಚೀಟಿ.

ಮೊದಲ ಸಲ ಅವರು ಒಂದೇ ಒಂದು ಪದ ಬಿಟ್ಟು ಎಲ್ಲ ಹೇಳಿದರು. ನನ್ನ ಪಟ್ಟಿಯಲ್ಲಿದ್ದ ಮುದುಕ ಮುದುಕಿಯರಲ್ಲಿ ಯಾರೂ ಅಷ್ಟು ಹೇಳಿರಲಿಲ್ಲ. ನಾನು ಮುಖ ಗಂಟಿಕ್ಕಿ "ನಿಮ್ಮ ವಯಸ್ಸಿಗೆ ಇದು ಕಮ್ಮಿ ಆಯ್ತರಿ ನಾನಿ" ಅಂದೆ. ಎರಡನೇ ಸಲ ಅರ್ಧಕ್ಕೇ ನಿಂತುಬಿಟ್ಟರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಆಗ ನನಗೆ ಏನನ್ನಿಸಿತು ಗೊತ್ತಾ? ಖುಷಿಯಾಯಿತು. ಪ್ರಯೋಗ ಗೆದ್ದಿತು ಅಂದುಕೊಂಡೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ಮುಗಿದ ಕೂಡಲೇ ಅಲ್ಲೇ ಕೂತು, "ನಾನು ಹೇಳಿದ್ದು ಸುಳ್ಳು, ನಿಮ್ಮ ನೆನಪು ಗಟ್ಟಿ ಇದೆ" ಎಂದು ಬಿಡಿಸಿ ಹೇಳಬೇಕು. ಮೇಡಂ ಹತ್ತು ಸಲ ಹೇಳಿದ ಮಾತು ಅದು. ಉಳಿದವರಿಗೆಲ್ಲ ಹೇಳಿದ್ದೇನೆ. ನಾನಿಗೆ ಹೇಳಲಿಲ್ಲ. ಬಸ್ಸಿನ ಕಾರಣ ಸುಳ್ಳು, ಬಸ್ಸಿಗೆ ಬೇಕಾದಷ್ಟು ಹೊತ್ತಿತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಊಟದ ದಸ್ತರಖಾನ್ ಹಾಸಿ ಕೈ ಹಿಡಿದು ಕೂಡಿಸಿದರು. ನಾನು ಸಣ್ಣವಳಿದ್ದಾಗ ನನ್ನ ಹೆತ್ತ ಆಯಿಯೇ ಕಲಿಸಿದ್ದಳು, ಬೇರೆಯವರ ಮನೆಯಲ್ಲಿ ಊಟಕ್ಕೆ ಕರೆದರೆ ಮೊದಲು ನಮ್ಮ ಜಾತಿಗೆಂದು ನೀರಿನ ಲೋಟ ಬೇರೆ ಇಟ್ಟಿದ್ದಾರಾ ನೋಡು ಎಂದು. ನಾನಿ ತಾವು ಕುಡಿದ ಲೋಟದಲ್ಲೇ ನನಗೆ ನೀರು ಕೊಟ್ಟರು, ತಮ್ಮ ತಾಟಿನಲ್ಲೇ ಕಲಸಿ ನನ್ನ ಕಡೆ ತಳ್ಳಿದರು. ಆ ಲೋಟ ಕೈಯಲ್ಲಿ ಹಿಡಿದು "ನಿಮಗೆ ಮೋಸ ಮಾಡಿದೆ" ಎನ್ನಲು ಆಗಲಿಲ್ಲ. ಊಟ ಆಗಲಿ ಅಂದುಕೊಂಡೆ. ಊಟವಾದ ಮೇಲೆ ಇನ್ನೂ ಕಷ್ಟವಾಯಿತು. ಉಂಡ ಮನೆಗೆ ಎರಡು ಬಗೆಯಬಾರದು ಅನ್ನುತ್ತಾರೆ. ನಾನು ಮೊದಲೇ ಬಗೆದು ಆಮೇಲೆ ಉಂಡವಳು.

ವರದಿಯಲ್ಲಿ ನಾನಿಯ ಹೆಸರಿನ ಮುಂದೆಯೂ "ಸತ್ಯ ತಿಳಿಸಲಾಗಿದೆ" ಎಂದು ಗುರುತು ಹಾಕಿದ್ದೇನೆ.

ಈ ಕಾಗದವನ್ನು ಅವರಿಗೆ ಓದಿ ಹೇಳು. ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನು.

ಮನಿಷಾ


ಭಾಲ್ಕಿ
17 ಮಾರ್ಚ್ 2025

ಮನಿಷಾ,

ಓದಿ ಹೇಳಿದೆ. ರೋಜಾದ ಉಪವಾಸ ಬಿಟ್ಟಾದ ಮೇಲೆ, ಅಮ್ಮಿ, ಅವಳ ತಂಗಿ ಖಾಲಾ ಎಲ್ಲರನ್ನೂ ಕೂಡಿಸಿ, ಒಂದಕ್ಷರ ಬಿಡದೆ ಓದಿದೆ.

ನಾನಿ ನಂಬಲಿಲ್ಲ.

"ಪಾಪ, ಒಳ್ಳೇ ಹುಡುಗಿ. ಈ ಮುದುಕಿ ಮನಸ್ಸಿಗಿ ಹತ್ತೇದಂತ ಗೊತ್ತಾಗಿ ಈಗ ಸುಳ್ಳು ಬರದಾಳ. ಖರೇ ಹೇಳಿದ್ದು ಅವತ್ತೇ. ಆಕೀ ಮಾರಿ ನಾ ನೋಡೇನಿ, ಸುಳ್ಳು ಹೇಳೋ ಮಾರಿ ಅಲ್ಲ ಅದು" ಅಂದಳು. ನಿನಗೆ ದುವಾ ಬೇರೆ ಮಾಡಿದಳು.

ಈಗ ಹೇಳು, ಮನಸ್ಸಿನ ಡಾಕ್ಟರೇ, ಇದಕ್ಕೆ ನಿಮ್ಮ ಪುಸ್ತಕದಲ್ಲಿ ಏನು ಮದ್ದು? ನಿನ್ನ ಸುಳ್ಳನ್ನು ನಂಬಿದವಳು ನಿನ್ನ ಸತ್ಯವನ್ನು ನಂಬುತ್ತಿಲ್ಲ. ದಿನವೆಲ್ಲ ಜಾನಮಾಜ್ ಚಾಪೆಯ ಮೇಲೆ ಕೂತು ಜಪಮಣಿ ಎಣಿಸುತ್ತ ಏನೋ ಗುನುಗುನು ಅನ್ನುತ್ತಿರುತ್ತಾಳೆ. ನಮ್ಮ ಮನೆಯಲ್ಲಿ ರಂಜಾನ್ ಇಷ್ಟು ಮೌನವಾಗಿ ಯಾವತ್ತೂ ಇರಲಿಲ್ಲ.

ಅಷ್ಟು ಮುದುಕರ ಮನೆ ಹುಡುಕುವಾಗ ನನ್ನ ಮನೆಯೇ ಯಾಕೆ ಬೇಕಾಯಿತು ನಿನಗೆ? ಗೆಳತಿಯ ಮನೆ, ಬಾಗಿಲು ತೆರೆದೇ ಇರುತ್ತದೆ ಅಂತ ತಾನೇ?

ಮದುವೆಗೆ ಬರಬೇಡ.

ಫರ್ಹೀನ


ಔರಾದ
2 ಏಪ್ರಿಲ್ 2025

ಫರ್ಹೀನ,

ಹಬ್ಬದ ಶುಭಾಶಯ ಹೇಳುವ ಮುಖ ನನಗಿಲ್ಲ. ಆದರೂ ಹಬ್ಬ ಚೆನ್ನಾಗಿ ಆಗಿರಲಿ.

ಮೇಡಂಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ವರದಿಯನ್ನು ಮುಚ್ಚಿ ನನ್ನ ಕಡೆ ಸರಿಸಿದರು. ಪ್ರಾಜೆಕ್ಟ್ ರದ್ದಾಗಿದೆ. ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಕೂತು ಬೇರೆ ಮಾಡಬೇಕು. ಇದನ್ನು ನಿನ್ನ ಮುಂದೆ ಲೆಕ್ಕ ತೀರಿತು ಎನ್ನಲು ಬರೆಯುತ್ತಿಲ್ಲ. ತೀರಿಲ್ಲ ಎಂದು ಗೊತ್ತು.

ಊರಿಗೆ ಬಂದು ಆಯಿಯ ಮುಂದೆ ಹೇಳಿಕೊಂಡೆ. ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಿದಳು. "ಅಡಕಿಗಿ ಹೋದ ಮಾನ ಆನಿ ಕೊಟ್ರ ಬರಂಗಿಲ್ಲ ಅಂತಾರ. ಇಲ್ಲಿ ಹೋಗಿದ್ದು ನಿನ್ನ ಮಾನ ಅಲ್ಲ, ಆ ಮುದುಕೀದು. ತಾ ಕುಡ್ದ ಲೋಟ ಕೊಟ್ಟಾಕಿಗಿ ನೀ ಹಿಂಗ ಮಾಡಿದಿ? ಕಾಗದ ಬರಕೋತ ಕೂಡಬ್ಯಾಡ. ಹೋಗು. ನಾಕ ಮಂದಿ ಮುಂದ ನಿಂತು ಹೇಳು" ಅಂದಳು.

ಬರಬೇಡ ಎಂದಿದ್ದೀಯ. ಆದರೂ ಮಾಂಝಾದ ದಿನ ಬರುತ್ತೇನೆ. ಬಾಗಿಲಲ್ಲೇ ಹೋಗು ಎಂದರೆ ಹೋಗುತ್ತೇನೆ. ಎಲ್ಲ ಹೆಂಗಸರ ಮುಂದೆ ಹೇಳಿದರೆ ನಾನಿ ನಂಬಬಹುದು. ನಿನ್ನ ಹಾಡು ನಿನಗೆ ಸಿಗಬೇಕು.

ಮನಿಷಾ


ಕಮಲನಗರ
26 ಏಪ್ರಿಲ್ 2025

ಮನಿಷಾ,

ಅವತ್ತು ನಾನು ನಿನ್ನ ಜೊತೆ ಮಾತಾಡುವ ಹಾಗಿರಲಿಲ್ಲ. ಹಳದಿ ದುಪಟ್ಟಾ ಮುಖದ ಮೇಲಿತ್ತು, ಮದುಮಗಳು ತಲೆ ಎತ್ತಬಾರದು. ನನಗೆ ಕಂಡದ್ದು ನಿನ್ನ ಪಾದ ಮಾತ್ರ. ಚಾಪೆಯ ಅಂಚಿಗೆ ನಿಂತಿದ್ದವು, ಬೆರಳು ನೆಲಕ್ಕೆ ಒತ್ತಿಕೊಂಡಿದ್ದವು. ನೀನು "ನಾನಿಗಿ ನಾ ಸುಳ್ಳು ಹೇಳೇನ್ರಿ, ಅವರದು ಏನೂ ತಪ್ಪಿಲ್ರಿ" ಅಂದಾಗ ಬಳೆ ಸದ್ದು ಕೂಡ ನಿಂತಿತ್ತು. ಯಾರೋ ಹಿಂದಿನಿಂದ "ಇದು ಓದಿದವರ ಹಣೆಬರಹ" ಅಂದದ್ದು ನಿನಗೂ ಕೇಳಿರಬೇಕು. ನಾನಿ ಮಾತ್ರ "ಕೂಡು ಬೇಟಾ, ಊಟ ಮಾಡು" ಅಂದಳು. ತಾಟು ಮುಂದೆ ಬಂತು, ನೀನು ಎದ್ದು ಓಡಿದೆ.

ನೀನು ಹೋದ ಮೇಲೆ ಆದದ್ದನ್ನು ಹೇಳಲು ಈ ಕಾಗದ.

ನಾನಿ ಗಂಟಲು ಸರಿ ಮಾಡಿಕೊಂಡಳು. ಎಲ್ಲರೂ ಹಾಡು ಬಂತು ಅಂದುಕೊಂಡೆವು. ಅವಳು ಕಣ್ಣು ಮುಚ್ಚಿ ಹೇಳಿದ್ದು ನಿನ್ನ ಪದಗಳು. ಕೊಡ, ನಿಂಬೆ, ಸೂಜಿ, ಕುದುರೆ, ಛತ್ರಿ, ಉಪ್ಪು, ಏಣಿ, ಗುಬ್ಬಿ, ದೀಪ, ಚಪ್ಪಲಿ, ಬಾವಿ, ಕಂಬಳಿ. ರಂಜಾನ್ ತಿಂಗಳೆಲ್ಲ ಜಪಮಣಿ ಹಿಡಿದು ಗುನುಗಿದ್ದು ಅದನ್ನೇ ಮನಿಷಾ. ನಾವು ಅಲ್ಲಾಹನ ಹೆಸರು ಅಂದುಕೊಂಡಿದ್ದೆವು. ಕಾಲೇಜಿನವರು ಮತ್ತೆ ಬಂದರೆ ಫೇಲ್ ಆಗಬಾರದು ಎಂದು ನನ್ನ ನಾನಿ ಕೊಡ, ನಿಂಬೆ ಅನ್ನುತ್ತ ಕೂತಿದ್ದಳು.

ಹೇಳಿ ಮುಗಿಸಿ "ಸರಿ ಅದಾವೇನು?" ಎಂದು ಕೇಳಿದಳು. ಖಾಲಾ "ಎಲ್ಲಾ ಸರಿ ಅದಾವ ಅಮ್ಮಿ" ಅಂದಳು. "ನಿನಗೇನ್ ಗೊತ್ತು? ಆ ಹುಡುಗೀನ ಕರೀರಿ" ಅಂದಳು. ಆಟೋದ ಸುಭಾನನನ್ನು ಬಸ್ ಸ್ಟ್ಯಾಂಡಿಗೆ ಕಳಿಸಿದರು, ಔರಾದ ಬಸ್ ಹೋಗಿತ್ತು. ನಾನಿ ಎದ್ದು ಒಳಗೆ ಹೋದಳು. ನನ್ನ ಮಾಂಝಾದಲ್ಲಿ ಹಾಡಿದ್ದು ಯಾರದೋ ಫೋನಿನ ಸ್ಪೀಕರು.

ಇಲ್ಲಿಗೆ ಬಂದ ಮೇಲೆ ಅತ್ತೆ ಕೇಳಿದರು, "ನಿಮ್ಮ ನಾನಿ ಬಾಳ ಛಲೋ ಬೈತಾರಂತ ಕೇಳಿದ್ದೆ, ನಮ್ಮನ್ನ ಯಾಕ ಬೈಲಿಲ್ಲ?"

ನಿನ್ನನ್ನು ಕ್ಷಮಿಸಿಲ್ಲ. ಆದರೆ ನೀನು ಭಾಲ್ಕಿಗೆ ಹೋಗಬೇಕು. ನಾನಿಗೆ ಕಾಗದದ ಮೇಲೂ ಫೋನಿನ ಮೇಲೂ ನಂಬಿಕೆ ಇಲ್ಲ. ಅವಳ ಮುಂದೆ ಕೂತು, ಪದ ಕೇಳಿ, ಎಲ್ಲ ಸರಿ ಇದೆ ಎನ್ನು. ಪಟ್ಟಿ ನಿನ್ನ ಹತ್ತಿರ ಇದೆ, ನೋಡಿಕೋ. ತಪ್ಪಿದ್ದರೂ ಸರಿ ಇದೆ ಎಂದೇ ಹೇಳು. ಒಂದು ಸಲ ನೀನು ನಿನಗಾಗಿ ಸುಳ್ಳು ಹೇಳಿದೆ, ಈ ಸಲ ನನಗಾಗಿ ಹೇಳು. ಕೈ ಮುಗಿಯುತ್ತೇನೆ.

ಫರ್ಹೀನ


ಔರಾದ
11 ಮೇ 2025

ಫರ್ಹೀನ,

ಪಟ್ಟಿ ತೆಗೆದು ನೋಡಿದೆ. ಒಂದು ತಪ್ಪಿತ್ತು. ಮೂರನೆಯದು ಸೂಜಿ ಅಲ್ಲ, ಕತ್ತರಿ. ಮೊದಲ ದಿನವೂ ಅವರು ತಪ್ಪಿದ್ದು ಅದೊಂದನ್ನೇ. ತಪ್ಪಾದ ಪದವನ್ನು ಇಷ್ಟು ದಿನ ಬಾಯಿಪಾಠ ಮಾಡಿದ್ದರು.

ನಿನ್ನೆ ಭಾಲ್ಕಿಗೆ ಹೋದೆ. ಅಮ್ಮಿ ಮನೆಯಲ್ಲಿರಲಿಲ್ಲ. ನಾನಿ ಪಡಸಾಲೆಯಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ನನ್ನನ್ನು ಕಂಡ ಕೂಡಲೇ ಮೊರ ಬದಿಗಿಟ್ಟು, ಸೆರಗು ಸರಿ ಮಾಡಿಕೊಂಡು, ಶಾಲೆ ಹುಡುಗಿಯ ಹಾಗೆ ನೆಟ್ಟಗೆ ಕೂತರು. ನಾನು ಕೇಳುವ ಮೊದಲೇ ಶುರು ಮಾಡಿದರು. ಮುಗಿಸಿ ನನ್ನ ಮುಖ ನೋಡಿದರು. "ಸರಿ ಅದಾವೇನು?"

ನಿನ್ನ ಮಾತು ನೆನಪಿತ್ತು. ಎಲ್ಲ ಸರಿ ಇದೆ ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು, ಬಸ್ಸಿನಲ್ಲಿ ಬರುವಾಗ ಅದನ್ನೇ ಹೇಳಿಕೊಳ್ಳುತ್ತ ಬಂದಿದ್ದೆ. ಆದರೆ ಅವರ ಕಣ್ಣು ನನ್ನ ಮುಖದ ಮೇಲೆ ಹೇಗಿತ್ತೆಂದರೆ ನನ್ನಿಂದ ಆಗಲಿಲ್ಲ. ನನ್ನನ್ನು ಬೈ, ಫರ್ಹೀನ. "ಒಂದು ತಪ್ಪಾಗ್ಯದರಿ ನಾನಿ. ಸೂಜಿ ಅಲ್ರಿ, ಕತ್ತರಿ" ಅಂದೆ.

ಅವರ ಮುಖ ಬಾಡಿತು. ನಾನು ಎರಡನೇ ಸಲ ಕೊಂದೆ ಅಂದುಕೊಂಡೆ. ಅವರು "ಕತ್ತರಿ, ಕತ್ತರಿ" ಎಂದು ಎರಡು ಸಲ ಹೇಳಿಕೊಂಡರು. ಆಮೇಲೆ ಕೇಳಿದರು.

"ಉಳಿದವು?"

"ಎಲ್ಲಾ ಸರಿ ಅದಾವ್ರಿ."

"ಅವತ್ತ ನೀ ಹೇಳಿದ್ದು?"

"ಸುಳ್ಳ್ರಿ. ಅವತ್ತೂ ಇದೊಂದೇ ತಪ್ಪಿತ್ತರಿ."

"ನನ್ನ ಸಮಾಧಾನಕ್ಕ ಬಂದಿದ್ರ ಇದೂ ಸರಿ ಅಂತಿದ್ದಿ. ತಪ್ಪಿದ್ದದ್ದು ತಪ್ಪು ಅಂದಿ. ಈಗ ನಂಬ್ತೇನಿ" ಅಂದರು. ಮತ್ತೆ, "ಅವತ್ತೇ ಯಾಕ ಹೇಳಲಿಲ್ಲ?"

"ನಾಚಿಕಿ ಆಯ್ತರಿ. ನಿಮ್ಮ ಲೋಟದಾಗ ನೀರು ಕೊಟ್ರಿ."

"ಹಂಗಾದ್ರ ನೀರು ಕೊಟ್ಟಿದ್ದೇ ನನ್ನ ತಪ್ಪೇನು?" ಎಂದು ನನ್ನ ತಲೆಗೆ ಒಂದು ಹಾಕಿದರು. ಮೆತ್ತಗಲ್ಲ, ಜೋರಾಗಿಯೇ. ಆಮೇಲೆ ನನ್ನನ್ನು ಅಟ್ಟ ಹತ್ತಿಸಿ ಢೋಲಕ್ ಇಳಿಸಿದರು. ಧೂಳು ನಾನೇ ಒರೆಸಿದೆ.

ಪೂರ್ತಿ ಹಾಡಿದರು. ಮೆಹಬೂಬ್ ಬೀ ಮಗನ ಲಗ್ನಕ್ಕೆ ಬಂದು ತನ್ನ ಹರಕು ಚಪ್ಪಲಿ ಬಿಟ್ಟು ನಮ್ಮ ಹೊಸ ಚಪ್ಪಲಿ ಮೆಟ್ಟಿಕೊಂಡು ಹೋದಳಂತೆ. ಸಾಯಿಮಾ ಪಂಕ್ತಿಯಲ್ಲಿ ಮೂರು ಸಲ ಕೂತಳಂತೆ. ಜನವರಿಯಲ್ಲಿ ನೀನು ಹೇಳಿದ ಹೆಸರುಗಳೆಲ್ಲ ಬಂದವು, ನಿನ್ನ ಅತ್ತೆಯ ಸೋದರತ್ತೆಯ ತನಕ. ಎಲ್ಲೂ ತಡವರಿಸಲಿಲ್ಲ. ರೆಕಾರ್ಡ್ ಮಾಡೋಣ ಎಂದು ಫೋನ್ ತೆಗೆದೆ, ಮತ್ತೆ ಪರೀಕ್ಷೆ ಮಾಡಿದ ಹಾಗಾಗುತ್ತದೆ ಅನ್ನಿಸಿ ಕೆಳಗಿಟ್ಟೆ.

ಪ್ರತಿ ಬೈಗುಳದ ಕೊನೆಗೆ ನಾನಿ ಢೋಲಕ್ ನಿಲ್ಲಿಸಿ ಕಾಯುತ್ತಿದ್ದರು. ಹೆಂಗಸರು ಚಪ್ಪಾಳೆ ತಟ್ಟಿ ನಗುವುದಕ್ಕೆ ಬಿಡುವ ಜಾಗ ಅದು. ಮನೆಯಲ್ಲಿ ನಾನೊಬ್ಬಳೇ ಇದ್ದೆ. ಚಪ್ಪಾಳೆ ತಟ್ಟಿದೆ, ನಗಲು ಆಗಲಿಲ್ಲ. ಅದು ನಿನ್ನ ಮದುವೆಯ ಹಾಡು ಫರ್ಹೀನ, ಕೇಳಿದವಳು ನಾನು.

ಮನಿಷಾ